ಇಂಗ್ಲೆಂಡಿನ ಹೊಲದ ನಡುವೆ ಓಡುವ ಹಕ್ಕು

ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡದ ಗೆಳೆಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ‘ಇಲ್ಲಿ ಜಾಗಿಂಗ್‌ಗೆ ಚೆಂದದ ಜಾಗ ಯಾವುದು?’ ಅವರಿಗೆ ಬೇಕಿರುವುದು ಒಂದು ಪಟ್ಟಿ. ಸೆವೆನ್ ಸಿಸ್ಟರ್ಸ್, ಲೇಕ್ ಡಿಸ್ಟ್ರಿಕ್ಟ್, ಕಾಟ್ಸ್‌ವೋಲ್ಡ್ಸ್, ಹೀಗೆ. ಆ ಜಾಗಗಳೆಲ್ಲ ನಿಜಕ್ಕೂ ಚೆಂದ, ಅನುಮಾನವೇ ಇಲ್ಲ. ಆದರೆ ನಾನು ಕೊಡುವ ಉತ್ತರ ಬೇರೆ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಮ್ಯಾಪ್ ಒಂದು ತಗೊಳ್ಳಿ. ಕಿತ್ತಳೆ ಬಣ್ಣದ ಹೊದಿಕೆಯದ್ದು. ಅದರಲ್ಲಿ ನಿಮ್ಮ ಬೀದಿ ಹುಡುಕಿ. ಆಮೇಲೆ ಅದರ ಸುತ್ತ ತುಂಡು ತುಂಡಾಗಿ ಓಡುವ ಹಸಿರು ಗೆರೆಗಳನ್ನು ನೋಡಿ. ನೀವು ಓಡಬೇಕಾದ ಜಾಗ ಅದೇ.

ಸಣ್ಣ ತುಂಡುಗಳ ಗೆರೆ ಅಂದರೆ ಫುಟ್‌ಪಾತ್. ನಗರದ ರಸ್ತೆ ಪಕ್ಕದ ಫುಟ್‌ಪಾತ್ ಅಲ್ಲ, ಹೊಲ, ಕಾಡು, ಗುಡ್ಡ ದಾಟಿ ಹೋಗುವ ಕಾಲುದಾರಿ. ಉದ್ದ ತುಂಡುಗಳ ಗೆರೆ ಅಂದರೆ ಬ್ರೈಡಲ್‌ವೇ. ಅಲ್ಲಿ ಕುದುರೆಗೂ ಸೈಕಲ್‌ಗೂ ಜಾಗ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ಹೆಚ್ಚಿನವು ಹಾದುಹೋಗುವುದು ಖಾಸಗಿ ಜಮೀನಿನಲ್ಲಿ. ಆದರೂ ಯಾರ ಅನುಮತಿಯೂ ಬೇಕಿಲ್ಲ, ಟಿಕೆಟ್ ಇಲ್ಲ. ಜಮೀನು ರೈತನದ್ದು, ದಾರಿ ಎಲ್ಲರದ್ದು.

ಜೂನ್ ತಿಂಗಳಲ್ಲಿ ಬಾರ್ಲಿ ಹೊಲದ ಬದಿಗೆ ಹೋಗಿ ನಿಂತರೆ ಇದರ ಅರ್ಥ ಗೊತ್ತಾಗುತ್ತದೆ. ಎದೆಮಟ್ಟಕ್ಕಲ್ಲದಿದ್ದರೂ ಸೊಂಟದ ಹತ್ತಿರಕ್ಕೆ ಬೆಳೆದ ಪೈರು. ಅದರ ಮಧ್ಯೆ ಈ ಬೇಲಿಯಿಂದ ಆ ಬೇಲಿವರೆಗೆ ಒಂದು ಕಿರಿದಾದ ದಾರಿ. ಅದು ಸುಮ್ನೆ ಜನ ತುಳಿದು ಆದ ದಾರಿಯಲ್ಲ. ಹೊಲದ ಮಧ್ಯೆ ಹೋಗುವ ಕಾಲುದಾರಿಯನ್ನು ರೈತ ಉಳಬಹುದು, ಆದರೆ ಬಿತ್ತನೆಗೆ ಮೊದಲ ಸಲ ಕೆದಕಿದ ಮೇಲೆ 14 ದಿನದೊಳಗೆ ದಾರಿಯನ್ನು ಮತ್ತೆ ಸರಿಮಾಡಿ ಕೊಡಬೇಕು. ಕನಿಷ್ಠ ಒಂದು ಮೀಟರ್ ಅಗಲ ಇರಬೇಕು. ಪೈರು ಮೇಲೆದ್ದ ಮೇಲೂ ಅದನ್ನು ತೆರವಾಗಿ ಇಡಬೇಕು. ಇದು ಕಾನೂನು. ಹೊಲದ ಅಂಚಿನಲ್ಲಿ ಹೋಗುವ ದಾರಿಯನ್ನಂತೂ ಉಳುವ ಹಾಗೇ ಇಲ್ಲ. ಪೈರಿನ ನಡುವೆ ಓಡುವಾಗ ಎರಡೂ ಕಡೆ ತೆನೆಗಳು ತೊಡೆಗೆ ಸವರುತ್ತವೆ, ಎಲ್ಲೋ ಮೇಲೆ ಸ್ಕೈಲಾರ್ಕ್ ಕೂಗುತ್ತಿರುತ್ತದೆ. ಯಾವ ಸ್ಟೇಡಿಯಂ ಟ್ರ್ಯಾಕ್ ಕೂಡ ನನಗೆ ಇಷ್ಟು ಸಂತೋಷ ಕೊಟ್ಟಿಲ್ಲ.

ಹಳ್ಳಿಯಲ್ಲಿ ಬೆಳೆದ ನಮಗೆ ಇದರ ಬೆಲೆ ಬೇಗ ಅರ್ಥ ಆಗುತ್ತದೆ ಅನ್ನಿಸುತ್ತದೆ. ನಮ್ಮ ಗ್ರಾಮದ ನಕಾಶೆಗಳಲ್ಲೂ ಕಾಲುದಾರಿ, ಬಂಡಿದಾರಿಗಳ ಗುರುತು ಇರುತ್ತದೆ. ಆದರೆ ‘ನಕಾಶೆ ಕಂಡ ದಾರಿ’ಯನ್ನು ಪಕ್ಕದ ಹೊಲದವರು ಮುಚ್ಚಿದರು ಅಂತ ಅರ್ಜಿ ಹಿಡಿದು ಅಲೆಯುವವರನ್ನು ನೋಡದ ಊರು ಕಡಿಮೆ. ಇಲ್ಲೂ ದಾರಿಗಳು ತಾವಾಗಿ ಉಳಿದಿಲ್ಲ. ಜನ ಜಗಳ ಮಾಡಿ ಉಳಿಸಿಕೊಂಡಿದ್ದಾರೆ.

ಆ ಜಗಳದ ದೊಡ್ಡ ಹೆಸರು ಕಿಂಡರ್ ಸ್ಕೌಟ್. ಡಾರ್ಬಿಶೈರ್‌ನ ಅತಿ ಎತ್ತರದ ಜಾಗ, 636 ಮೀಟರ್. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಇದೆ. ವಾರವಿಡೀ ಕಾರ್ಖಾನೆಯ ಹೊಗೆ ಕುಡಿದ ಕೆಲಸಗಾರರಿಗೆ ಭಾನುವಾರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಬೆಟ್ಟ, ಆದರೆ ಹತ್ತುವ ಹಾಗಿಲ್ಲ. ಅದು ಶ್ರೀಮಂತರು ಗ್ರೌಸ್ ಹಕ್ಕಿ ಬೇಟೆಯಾಡಲು ಇಟ್ಟುಕೊಂಡಿದ್ದ ಜಮೀನು. ಕಾವಲಿಗೆ ಆಳುಗಳು. 1932ರ ಏಪ್ರಿಲ್ 24ರಂದು ಕೆಲವು ನೂರು ಜನ ಒಟ್ಟಾಗಿ ಬೇಕಂತಲೇ ಹತ್ತಿದರು. ಮುಂದೆ ನಿಂತವನು ಬೆನ್ನಿ ರಾಥ್‌ಮನ್, ವಯಸ್ಸು ಇಪ್ಪತ್ತು. ಕಾವಲುಗಾರರ ಜೊತೆ ತಳ್ಳಾಟ ಆಯಿತು. ಐದು ಜನ ಜೈಲಿಗೆ ಹೋದರು. ರಾಥ್‌ಮನ್‌ಗೆ ನಾಲ್ಕು ತಿಂಗಳು.

1949ರಲ್ಲಿ ಬಂದ ಕಾನೂನು ರಾಷ್ಟ್ರೀಯ ಉದ್ಯಾನಗಳಿಗೆ ದಾರಿ ಮಾಡಿತು. ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕು ಅಂತಲೂ ಹೇಳಿತು. 1951ರಲ್ಲಿ ಮೊದಲನೆಯದಾಗಿ ಆದ ರಾಷ್ಟ್ರೀಯ ಉದ್ಯಾನ ಪೀಕ್ ಡಿಸ್ಟ್ರಿಕ್ಟ್. ಕಿಂಡರ್ ಇರುವುದು ಅದರೊಳಗೇ. ಗುಡ್ಡ, ಕುರುಚಲು ಬಯಲುಗಳಲ್ಲಿ ಗೆರೆ ಬಿಟ್ಟು ಎಲ್ಲಿ ಬೇಕಾದರೂ ಕಾಲ್ನಡಿಗೆಯಲ್ಲಿ ತಿರುಗುವ ಹಕ್ಕು ಬರಲು ಮಾತ್ರ 2000ನೇ ಇಸವಿಯ ಕಾನೂನಿನವರೆಗೆ ಕಾಯಬೇಕಾಯಿತು. ಈಗ ಈಡೇಲ್ ಸ್ಟೇಷನ್ನಿನಲ್ಲಿ ರೈಲು ಇಳಿದು ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಕಲ್ಲುದಾರಿ ಹತ್ತಿ ಕಿಂಡರ್ ಮೇಲೆ ಯಾರು ಬೇಕಾದರೂ ಓಡಬಹುದು. ಪಶ್ಚಿಮದ ಗಾಳಿ ಜೋರಾಗಿದ್ದರೆ ಕಿಂಡರ್ ಡೌನ್‌ಫಾಲ್ ಜಲಪಾತದ ನೀರು ಕೆಳಗೆ ಬೀಳದೆ ಮೇಲಕ್ಕೆ ಹಾರುತ್ತದೆ. ಅದನ್ನು ನೋಡುವಾಗ ಆ ಐದು ಜನರನ್ನು ನೆನೆಯದೆ ಇರಲು ನನಗೆ ಆಗುವುದಿಲ್ಲ.

ಇನ್ನು ರೆಡಿಂಗ್, ಸ್ಲೌ ಕಡೆ ಇರುವ ನಮ್ಮವರಿಗೆ ನನ್ನ ನೆಚ್ಚಿನ ದಾರಿ ಹೇಳಲೇಬೇಕು. ರೆಡಿಂಗ್‌ನಿಂದ ಆಕ್ಸ್‌ಫರ್ಡ್ ಕಡೆ ಹೋಗುವ ನಿಧಾನದ ರೈಲು ಹತ್ತಿ, ಗೋರಿಂಗ್‌ನಲ್ಲಿ ಇಳಿಯಿರಿ. ಸುಣ್ಣಕಲ್ಲಿನ ಗುಡ್ಡಸಾಲನ್ನು ಥೇಮ್ಸ್ ನದಿ ಸೀಳಿಕೊಂಡು ಹೋಗುವ ಜಾಗ ಅದು. ಒಂದು ಕಡೆ ಚಿಲ್ಟರ್ನ್ಸ್, ಇನ್ನೊಂದು ಕಡೆ ಬರ್ಕ್‌ಶೈರ್ ಡೌನ್ಸ್. ನದಿಯುದ್ದಕ್ಕೂ ಹೋಗುವ ಥೇಮ್ಸ್ ಪಾತ್ ಮತ್ತು ಗುಡ್ಡದ ನೆತ್ತಿಯ ಮೇಲಿನ ಪ್ರಾಚೀನ ದಾರಿ ರಿಜ್‌ವೇ, ಎರಡೂ ಸೇರುವುದು ಇಲ್ಲೇ.

ಮೊದಲ ಸಲಕ್ಕೆ ಥೇಮ್ಸ್ ಪಾತ್ ಹಿಡಿದು ಪ್ಯಾಂಗ್‌ಬೋರ್ನ್ ಕಡೆ ಓಡಿ. ಸುಮಾರು ನಾಲ್ಕು ಮೈಲಿ. ಮೊದಲು ನದಿ ಪಕ್ಕದ ಹುಲ್ಲುಗಾವಲು. ಆಮೇಲೆ ರೈಲ್ವೆ ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ ಇಟ್ಟಿಗೆ ಕಮಾನಿನ ರೈಲ್ವೆ ಸೇತುವೆ ಕೆಳಗೆ ಹಾದು ಹೋಗುತ್ತೀರಿ. ಅಲ್ಲಿಂದ ಮುಂದೆ ಹಾರ್ಟ್ಸ್‌ಲಾಕ್ ಕಾಡು. ದಾರಿ ಏರುತ್ತದೆ, ಮರಗಳ ಸಂದಿನಲ್ಲಿ ನದಿ ಕೆಳಗೆ ಹೊಳೆಯುತ್ತದೆ. ಆ ಏರಿನಲ್ಲಿ ನಡೆಯಿರಿ, ನಾಚಿಕೆ ಬೇಡ. ವಿಟ್‌ಚರ್ಚ್ ಹಳ್ಳಿ ಬಂದ ಮೇಲೆ ಸೇತುವೆ ದಾಟಿದರೆ ಪ್ಯಾಂಗ್‌ಬೋರ್ನ್ ಸ್ಟೇಷನ್. ಕಾರಿಗೆ ಆ ಸೇತುವೆಯಲ್ಲಿ ಸುಂಕ ಇದೆ, ಕಾಲ್ನಡಿಗೆಯವರಿಗೆ ಇಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ, ಮುಂದಿನ ರೈಲು ಹತ್ತಿದರೆ ಆಯಿತು. ಸ್ಟೇಷನ್‌ನಿಂದ ಸ್ಟೇಷನ್‌ಗೆ ಓಡುವುದು ನನ್ನ ಪ್ರಕಾರ ಈ ದೇಶದ ಅತ್ಯುತ್ತಮ ಉಪಾಯ.

ತಲೆ ಎತ್ತಿ ನೋಡಿದರೆ ಕವಲು ಬಾಲದ ಕೆಂಪು ಹದ್ದುಗಳು ತೇಲುತ್ತಿರುತ್ತವೆ. ಇಂಗ್ಲೆಂಡಿನಲ್ಲಿ ಇವು ಕೊಂದು ಕೊಂದು ಮುಗಿದೇ ಹೋಗಿದ್ದವು. 1989ರಿಂದ ಬೇರೆ ಕಡೆಯಿಂದ, ಮುಖ್ಯವಾಗಿ ಸ್ಪೇನ್‌ನಿಂದ, ಮರಿಗಳನ್ನು ತಂದು ಚಿಲ್ಟರ್ನ್ಸ್‌ನಲ್ಲಿ ಬಿಟ್ಟರು. ಈಗ ಎಷ್ಟು ಜಾಸ್ತಿ ಅಂದರೆ ರೆಡಿಂಗ್ ಮನೆಗಳ ಮೇಲೂ ಸುತ್ತುತ್ತವೆ.

ಕಾಲು ಪಳಗಿದ ಮೇಲೆ ರಿಜ್‌ವೇ ಹಿಡಿಯಿರಿ. ಗೋರಿಂಗ್‌ನಿಂದ ನದಿ ದಾಟಿ ಸ್ಟ್ರೀಟ್ಲಿ ಕಡೆ ಹೋದರೆ ದಾರಿ ಪಶ್ಚಿಮಕ್ಕೆ ಗುಡ್ಡ ಏರುತ್ತದೆ. ಅಗಲವಾದ ಬಿಳಿ ಸುಣ್ಣದ ಹಾದಿ. ಪಕ್ಕದಲ್ಲಿ ರೇಸ್ ಕುದುರೆಗಳನ್ನು ಓಡಿಸುವ ಹುಲ್ಲಿನ ಪಟ್ಟೆಗಳು. ಹೀಗೇ ಹೋಗುತ್ತಾ ಇದ್ದರೆ ಅಫಿಂಗ್ಟನ್ನಿನ ಬಿಳಿ ಕುದುರೆ ಸಿಗುತ್ತದೆ. ಹೆಚ್ಚುಕಮ್ಮಿ 3000 ವರ್ಷದ ಹಿಂದೆ ಗುಡ್ಡದ ಮೈಯಲ್ಲಿ ಸುಣ್ಣದಿಂದ ಬಿಡಿಸಿದ ಚಿತ್ರ. ಹುಲ್ಲು ಮುಚ್ಚದಂತೆ ಜನ ಇವತ್ತಿಗೂ ಬಂದು ಅದನ್ನು ಬಿಳಿ ಮಾಡುತ್ತಾರೆ. ಅಷ್ಟು ದೂರ ಒಂದೇ ಓಟಕ್ಕೆ ಆಗುವುದಿಲ್ಲ, ಅದಕ್ಕೆ ಬೇರೆ ದಿನ ಇಡಿ.

ಈಗಷ್ಟೇ ಓಟ ಶುರು ಮಾಡಿದವರಿಗೆ, ಮಗುವಿನ ತಳ್ಳುಗಾಡಿ ಜೊತೆ ಬರುವವರಿಗೆ ಪೀಕ್ ಡಿಸ್ಟ್ರಿಕ್ಟ್‌ನ ಮಾನ್ಸಲ್ ಟ್ರೇಲ್ ಒಳ್ಳೆಯದು. 1968ರಲ್ಲಿ ನಿಂತ ರೈಲಿನ ಹಾದಿ, ಎಂಟೂವರೆ ಮೈಲಿ, ಬಹುತೇಕ ಸಮತಟ್ಟು. 2011ರಿಂದ ಸುರಂಗಗಳೊಳಗೂ ಹೋಗಬಹುದು. ಕಡಲ ದಂಡೆಯ ಸೆವೆನ್ ಸಿಸ್ಟರ್ಸ್‌ಗೂ ಹೋಗಿ, ಆದರೆ ಫೋಟೊಗಾಗಿ ಅಂಚಿಗೆ ಹೋಗಬೇಡಿ. ಆ ಬಿಳಿ ಬಂಡೆ ಹೇಳದೆ ಕೇಳದೆ ಕುಸಿಯುತ್ತದೆ.

ಇನ್ನೊಂದು ವಿಷಯ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ನಮ್ಮ ಜನ ಊರ ಪಾರ್ಕ್ ದಾಟಿ ಈ ದಾರಿಗಳಿಗೆ ಬರುವುದು ಕಡಿಮೆ. ಚಳಿ, ಕೆಸರು ಒಂದು ಕಾರಣ. ಆದರೆ ನಿಜವಾದ ಕಾರಣ ಹಿಂಜರಿಕೆ. ಹಳ್ಳಿಯವರು ಏನಂದುಕೊಳ್ಳುತ್ತಾರೋ, ಇದು ಯಾರದೋ ಜಾಗ, ನಮ್ಮಂಥವರು ಇಲ್ಲಿ ಕಾಣುವುದೇ ಇಲ್ಲವಲ್ಲ ಅಂತ. ಆ ಹಿಂಜರಿಕೆ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಹೇಳುತ್ತೇನೆ, ಕಾಲುದಾರಿ ತೋರಿಸುವ ಕಂಬದ ಮೇಲಿನ ಹಳದಿ ಬಾಣ ನಿಮ್ಮ ಪಾಸ್‌ಪೋರ್ಟ್ ಕೇಳುವುದಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೂ, ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮನಿಗೂ ಆ ದಾರಿಯ ಮೇಲೆ ಜಮೀನ್ದಾರನಷ್ಟೇ ಹಕ್ಕಿದೆ. ಎದುರಿಗೆ ಬಂದವರಿಗೆ ಒಂದು ‘ಮಾರ್ನಿಂಗ್’ ಹೇಳಿ. ಹೆಚ್ಚಿನವರು ನಗುತ್ತಾ ತಿರುಗಿ ಹೇಳುತ್ತಾರೆ.

ಕೆಲವು ರೂಢಿಗಳನ್ನು ಪಾಲಿಸಲೇಬೇಕು. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಕರು ಇರುವ ಹಸುಗಳ ಮಧ್ಯೆ ಓಡಬೇಡಿ, ಸುತ್ತಿಕೊಂಡು ನಡೆಯಿರಿ. ಇಲ್ಲಿ ಹಸು ತುಳಿದು ಜನ ಸತ್ತಿದ್ದಾರೆ, ಹಗುರವಾಗಿ ತಗೋಬೇಡಿ. ಕುದುರೆಯ ಹಿಂದಿನಿಂದ ಬರುವಾಗ ದೂರದಿಂದಲೇ ಮಾತಾಡಿ, ಅದು ಬೆದರಬಾರದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಗಟ್ಟಿ ಹಲ್ಲಿನ ಟ್ರೇಲ್ ಶೂ ಬೇಕು. ಒದ್ದೆ ಸುಣ್ಣಕಲ್ಲು ವಿಪರೀತ ಜಾರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಕತ್ತಲಾಗುತ್ತದೆ, ಟಾರ್ಚ್ ಇಟ್ಟುಕೊಳ್ಳಿ.

ಮತ್ತೆ, ದಾರಿಗೆ ಮುಳ್ಳುತಂತಿ ಬಿಗಿದಿದ್ದರೆ, ಗೇಟಿಗೆ ಬೀಗ ಹಾಕಿದ್ದರೆ, ಪೈರು ಬಿತ್ತಿ ಮುಚ್ಚಿದ್ದರೆ ಸುಮ್ಮನೆ ವಾಪಸ್ ಬರಬೇಡಿ. ಫೋಟೊ ತೆಗೆಯಿರಿ, ಮ್ಯಾಪ್ ನೋಡಿ ಜಾಗದ ಗ್ರಿಡ್ ನಂಬರ್ ಬರೆದುಕೊಳ್ಳಿ. ಕೌಂಟಿ ಕೌನ್ಸಿಲ್‌ನ, ಅದು ಇಲ್ಲದ ಕಡೆ ಸ್ಥಳೀಯ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಕಾಲುದಾರಿ ವಿಭಾಗಕ್ಕೆ ದೂರು ಕೊಡಿ. ದಾರಿ ತೆರವು ಮಾಡಿಸುವುದು ಅವರ ಕರ್ತವ್ಯ. ಗೋರಿಂಗ್ ಸುತ್ತಮುತ್ತಲಿಗೆ ಬೇಕಾದದ್ದು ಎಕ್ಸ್‌ಪ್ಲೋರರ್ 171ನೇ ಮ್ಯಾಪ್. ಕೊಳ್ಳುವ ಮೊದಲು ನಿಮ್ಮ ಊರಿನ ಲೈಬ್ರರಿಯಲ್ಲಿ ಒಮ್ಮೆ ಕೇಳಿ ನೋಡಿ.