ಗೂಟಕ್ಕೆ ಫೀಸು

ಇವತ್ತೂ ಅಷ್ಟೇ. "ಫೈವ್ ಮಿನಿಟ್ಸ್" ಅಂದು ಹೋದ ನಮ್ಮ ಶಿಫು, ಅಂದ್ರೆ ತಾಯ್ ಚಿ ಗುರು, ವಾಪಸ್ ಬಂದದ್ದು 22 ನಿಮಿಷಕ್ಕೆ. ಕೈಯಲ್ಲಿ ಕೋಪಿ-ಓ ಕೊಸಾಂಗ್, ಅಂದ್ರೆ ಹಾಲು ಸಕ್ಕರೆ ಎರಡೂ ಇಲ್ಲದ ಕಪ್ಪು ಕಾಫಿ. ನನ್ನ ತೊಡೆ ಇನ್ನೂ ನಡುಗುತ್ತಿದೆ.

ನಾನಿರುವುದು ಸಿಂಗಪುರದಲ್ಲಿ. ಸೊಂಟನೋವಿಗೆ ತಾಯ್ ಚಿ, ಅಂದರೆ ಚೀನಿಯರ ನಿಧಾನಗತಿಯ ವ್ಯಾಯಾಮ, ಒಳ್ಳೆಯದು ಅಂತ ಎಲ್ಲರೂ ಹೇಳಿದರು. ನಮ್ಮ ಬ್ಲಾಕಿನ ಕೆಳಗೆ, ಮನೆಗಳಿಲ್ಲದೆ ಬರೀ ಕಂಬಗಳಿರುವ ವಾಯ್ಡ್ ಡೆಕ್‌ನಲ್ಲಿ ಒಬ್ಬ ಅಜ್ಜ ಹೇಳಿಕೊಡುತ್ತಾರೆ ಅಂತ ಗೊತ್ತಾಗಿ ಸೇರಿಕೊಂಡೆ. ಮೊದಲ ದಿನ ಅವರು ನನ್ನ ಸೊಂಟಕ್ಕೆ ತಿವಿದು "ಸೊಂಗ್!" ಅಂದಾಗ, ಅರೆ, ಸೊಂಟ ಅಂದರು, ಕನ್ನಡ ಬರುತ್ತಲ್ಲ ಅಂತ ಖುಷಿಪಟ್ಟೆ. ಸೊಂಗ್ ಅಂದರೆ ಸಡಿಲ ಬಿಡು ಅಂತೆ.

1956ರಲ್ಲಿ ಚೀನಾದ ಸರ್ಕಾರ ಸುಲಭ ಮಾಡಿಸಿದ 24 ಪಟ್ಟುಗಳ ತಾಯ್ ಚಿ ಇದು. ಇಡೀ 24 ಮುಗಿಸಲು ಆರು ನಿಮಿಷ ಸಾಕು. ನಾನು ಎಂಟು ತಿಂಗಳಲ್ಲಿ ಮೂರನೆಯದಕ್ಕೆ ಬಂದಿದ್ದೇನೆ. ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು. ನನ್ನ ಕೊಕ್ಕರೆ ಇನ್ನೂ ಬಿಚ್ಚಿಲ್ಲ, ಯಾಕೆಂದರೆ ಕ್ಲಾಸಿನ ಮುಕ್ಕಾಲು ಹೊತ್ತು 'ಜಾನ್ ಜ್ವಾಂಗ್'. ಗೂಟದ ಹಾಗೆ ನಿಲ್ಲುವುದು. ಮಂಡಿ ಸ್ವಲ್ಪ ಬಗ್ಗಿಸಿ, ಮರ ತಬ್ಬಿಕೊಂಡ ಹಾಗೆ ಕೈ ಮುಂದೆ ಚಾಚಿ, ಸುಮ್ನೆ. "ಗರುಡಗಂಬದ ಹಾಗೆ ಯಾಕೋ ನಿಂತಿದ್ದೀಯ" ಅಂತ ಅಮ್ಮ ಬೈಯುತ್ತಿದ್ದಳು. ಮಗ್ಗಿ ಬರದಿದ್ದಾಗ ಮೇಷ್ಟ್ರು ಬೆಂಚಿನ ಮೇಲೆ ಬಿಟ್ಟಿಯಾಗಿ ನಿಲ್ಲಿಸಿದ್ದರು. ಇಲ್ಲಿ ಗಂಟೆಗೆ 50 ಡಾಲರು.

ಇವತ್ತು ಹಾಗೇ ನಿಂತಿದ್ದಾಗ ಸ್ಕೂಲಿಗೆ ಹೊರಟ ಒಂದು ಪುಟ್ಟ ಹುಡುಗಿ ನನ್ನ ಮುಂದೆ ಬಂದು ನಿಂತಳು. ಶೂ ಲೇಸ್ ಬಿಚ್ಚಿತ್ತು. ಆಚೀಚೆ ನೋಡಿದಳು. ನೀರಿನ ಬಾಟಲಿಯನ್ನು ನನ್ನ ಎಡಗೈಗೆ ನೇತುಹಾಕಿ ಲೇಸ್ ಕಟ್ಟಿಕೊಳ್ಳಲು ಕೂತಳು. ಅಷ್ಟರಲ್ಲಿ ಅವಳಜ್ಜಿ ಲಿಫ್ಟಿನಿಂದ ಬಂದು ತಮ್ಮ ಕೊಡೆಯನ್ನು ಬಲಗೈಗೆ ಸಿಕ್ಕಿಸಿ, ಮಗುವಿನ ಜಡೆ ಸರಿ ಮಾಡಿದರು. "ಥ್ಯಾಂಕ್ಯೂ ಆಹ್, ಅಂಕಲ್" ಅಂದು ಕೊಡೆ ತಗೊಂಡು ಹೊರಟೇಬಿಟ್ಟರು. ಬಾಟಲಿ ನನ್ನಲ್ಲೇ ಉಳಿಯಿತು. ಕೂಗೋಣ ಅಂದರೆ ಉಸಿರು ಸಾಲದು. ಅಲ್ಲಾಡಿದರೆ ಶಿಫು ಮೊದಲಿನಿಂದ ಲೆಕ್ಕ ಶುರು ಮಾಡುತ್ತಾರೆ. ಕಾಫಿ ಹೀರುತ್ತಾ ಬಂದವರು ಬಾಟಲಿ ನೋಡಿದರು, ನನ್ನ ಮುಖ ನೋಡಿದರು. "ಲೆಫ್ಟ್ ಶೋಲ್ಡರ್ ಟೂ ಹೈ. ಸೊಂಗ್!" ಅಂದು ನನ್ನ ಹೆಬ್ಬೆರಳನ್ನು ಕಾಲಿಂಚು ಸರಿಸಿದರು. ಬಾಟಲಿ ತೆಗೆಯಲಿಲ್ಲ ಪುಣ್ಯಾತ್ಮ. "ಫೈವ್ ಮೋರ್ ಮಿನಿಟ್ಸ್."

ಒಮ್ಮೆ ಶಿಫು ಪರ್ಸಿನಿಂದ ಹಳೇ ಫೋಟೋ ತೆಗೆದು ತೋರಿಸಿದ್ದರು. ಇದೇ ಕಂಬಗಳ ನಡುವೆ 14 ಜನ, ಎಲ್ಲರೂ ಬಿಳಿ ಬನಿಯನ್ನಿನಲ್ಲಿ. ಹೆಬ್ಬೆರಳಿನಿಂದ ಒಂದೊಂದೇ ಮುಖ ಮುಚ್ಚುತ್ತಾ ಹೋದರು. ಇವನಿಗೆ ಮಂಡಿ ಹೋಯಿತು, ಇವನು ಮಗಳ ಮನೆಗೆ ಹೋದ. ಕೆಲವರ ಬಗ್ಗೆ ಏನೂ ಹೇಳಲಿಲ್ಲ. ಇನ್ನೂ ಇಲ್ಲೇ ಇರುವ ಇಬ್ಬರು ದಿನಾ ಕಾಫಿ ಅಂಗಡಿಯಲ್ಲಿ ಕೂತಿರುತ್ತಾರೆ. ಐದು ನಿಮಿಷ 22 ಆಗುವುದು ಅಲ್ಲೇ.

ರಾತ್ರಿ ತೀರ್ಥಹಳ್ಳಿಯಿಂದ ಅಣ್ಣನ ಫೋನು. ತೋಟಕ್ಕೆ ಮಂಗಗಳು ನುಗ್ಗಿ ಬಾಳೆಗೊನೆ ಒಂದೂ ಉಳಿದಿಲ್ಲವಂತೆ.

"ತಾಯ್ ಚಿಯಲ್ಲಿ ಆರನೆಯದು ಮಂಗ ಓಡಿಸೋ ಪಟ್ಟೇ ಕಣೋ" ಅಂದೆ.

"ಹೌದಾ! ಹೇಗೆ ಮಾಡೋದು?"

"ಕೈ ಬೀಸ್ತಾ ನಾವು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗ್ಬೇಕು."

"ಅದನ್ನ ಮಂಗಗಳೇ ನಂಗೆ ಕಲಿಸಿವೆ, ಬಿಡು" ಅಂದ. "ಫೀಸೂ ಇಲ್ಲ."