ಡಬ್ಬಿಯೊಳಗೆ ಐದು ತಿಂಗಳ ಸೂರ್ಯ

ಸೋಲಾರ್‌ಗ್ರಾಫ್ ಎಂದರೆ ಸೂಜಿತೂತಿನ ಡಬ್ಬಿಯನ್ನು ತಿಂಗಳುಗಟ್ಟಲೆ ಒಂದೇ ಕಡೆ ಬಿಟ್ಟು, ಸೂರ್ಯನ ದಿನದಿನದ ಹಾದಿಯನ್ನು ಗೆರೆಗೆರೆಯಾಗಿ ಹಿಡಿಯುವ ಚಿತ್ರ. ಅದನ್ನು ತೆಗೆಯಲು ಬೇಕಾದದ್ದು 330 ಮಿ.ಲೀ.ನ ಖಾಲಿ ಕ್ಯಾನು, ಕಪ್ಪು-ಬಿಳುಪು ಫೋಟೊ ಪೇಪರಿನ ಒಂದು ಹಾಳೆ, ಸೂಜಿ, ಕಪ್ಪು ಟೇಪು ಮತ್ತು ನೆರೆಹೊರೆಯವರಿಗೆ ಹೇಳಲು ಒಂದು ಸಮಜಾಯಿಷಿ. ಕಾರವಾರದಲ್ಲಿ ಈ ಕೊನೆಯದನ್ನು ಮೊದಲು ಸಿದ್ಧಮಾಡಿಕೊಳ್ಳಿ. ನೌಕಾನೆಲೆ ಇರುವ ಊರಲ್ಲಿ ಕಪ್ಪು ಟೇಪು ಸುತ್ತಿದ ಡಬ್ಬಿಯನ್ನು ಕಂಬಕ್ಕೆ ಬಿಗಿದು ‘ಮೇ ತನಕ ಮುಟ್ಟಬೇಡಿ’ ಎಂದು ಚೀಟಿ ಹಚ್ಚಿದರೆ, ಸೂರ್ಯನಿಗಿಂತ ಮುಂಚೆ ಪೊಲೀಸರು ಬರುತ್ತಾರೆ. ಸ್ವಂತ ಮನೆಯ ತಾರಸಿಯೇ ಕ್ಷೇಮ.

ತೂತು 0.3 ಮಿ.ಮೀ. ಇದ್ದರೆ ಸಾಕು; ಸೂಜಿಯ ತುದಿ ಮಾತ್ರ ಒಳಗಿಳಿಯಬೇಕು. ಹುಮ್ಮಸ್ಸಿನಲ್ಲಿ ಇಡೀ ಸೂಜಿ ತೂರಿಸಿದವರಿಗೆ ಸೂರ್ಯನ ಬದಲು ಬಿಳಿ ಮಬ್ಬು ದಕ್ಕುತ್ತದೆ. 5x7 ಇಂಚಿನ ಪೇಪರನ್ನು 11 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಕೆಂಪು ಬೆಳಕಿನಲ್ಲಿ ಕ್ಯಾನಿನ ಒಳಗೋಡೆಗೆ ಸುತ್ತಿ. ಎರಡು ಅಂಚುಗಳ ನಡುವೆ ಸುಮಾರು 3 ಸೆಂ.ಮೀ. ಸಂದು ಉಳಿಯುತ್ತದೆ, ತೂತು ಅಲ್ಲಿಗೇ ಬರಬೇಕು. ಹೊಳೆಯುವ ಮೈ ಒಳಮುಖವಾಗಿರಲಿ. ತಿರುವುಮುರುವಾದರೆ ಐದು ತಿಂಗಳ ತಪಸ್ಸಿಗೆ ಕಾಗದದ ಬೆನ್ನೇ ಪ್ರಸಾದ.

ವಿದೇಶಿ ಕೈಪಿಡಿಗಳು ‘ದಕ್ಷಿಣಕ್ಕೆ ಮುಖಮಾಡಿ, ಜೂನ್ 21ರಿಂದ ಡಿಸೆಂಬರ್ 21ರವರೆಗೆ ಬಿಡಿ’ ಎನ್ನುತ್ತವೆ. ಬರೆದವರು ನಮ್ಮ ಜೂನ್ ತಿಂಗಳನ್ನು ನೋಡಿದವರಲ್ಲ. ಮಳೆ ಒಂದು ಕಡೆಯಾದರೆ, ಕಾರವಾರದ ಅಕ್ಷಾಂಶ ಸುಮಾರು 14.8 ಡಿಗ್ರಿ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಆದ್ದರಿಂದ ಡಬ್ಬಿ ಪಡುವಣಕ್ಕಿರಲಿ, ಡಿಸೆಂಬರ್ 21ಕ್ಕೆ ಕಟ್ಟಿ ಮೇ ಕೊನೆಗೆ ಬಿಚ್ಚಿ. ವರ್ಷವಿಡೀ ನೋಡಿದರೆ ಸೂರ್ಯ ಮುಳುಗುವ ಜಾಗ ದಿಗಂತದಲ್ಲಿ ಸುಮಾರು 48 ಡಿಗ್ರಿ ಓಡಾಡುತ್ತದೆ. ಬಹುಪಾಲು ಈ ಅವಧಿಯಲ್ಲೇ ಸಿಗುತ್ತದೆ. ಡಿಸೆಂಬರಿನ ಗೆರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಮಾರ್ಚಿನವು ಬಿಡಿಬಿಡಿ, ಆಗ ಸೂರ್ಯ ದಿನಕ್ಕೆ 0.4 ಡಿಗ್ರಿಯಷ್ಟು ಸರಿಯುತ್ತಾನಲ್ಲ. ಗೆರೆ ತುಂಡಾಗಿದ್ದರೆ ಅಲ್ಲಿ ಮೋಡ.

ತೆಂಗಿಗೆ, ಅಡಿಕೆ ಮರಕ್ಕೆ ಕಟ್ಟಲೇಬೇಡಿ, ಗಾಳಿಗೆ ತೂಗುತ್ತವೆ. ಟೇಪು ಏಪ್ರಿಲ್ ಬಿಸಿಲಿಗೆ ಅಂಟು ಬಿಡುತ್ತದೆ, ಮುಚ್ಚಳದ ಸುತ್ತ ಎಂ-ಸೀಲ್ ಮೆತ್ತಿ. ನಿಜವಾದ ಶತ್ರು ಕುಂಬಾರ ಹುಳ. ಡಬ್ಬಿಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟಲು ಹೊರಟು, ಸುತ್ತಮುತ್ತಲನ್ನೂ ತೂತಿನ ಸಮೇತ ಧಾರಾಳವಾಗಿ ಸಾರಿಸುತ್ತದೆ. ಚಿತ್ರದಲ್ಲಿ ಫೆಬ್ರವರಿಗೇ ಸೂರ್ಯ ನಿವೃತ್ತನಾಗಿದ್ದರೆ ಖಗೋಳದಲ್ಲಿ ಕಾರಣ ಹುಡುಕಬೇಡಿ. ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ, ಡಬ್ಬಿ ಅಲುಗಬಾರದು ಅಷ್ಟೆ. ಅಲುಗಿದರೆ ಚಿತ್ರದಲ್ಲಿ ಎದುರಿನ ಕೂರ್ಮಗಡ ನಡುಗಡ್ಡೆ ಎರಡಾಗುತ್ತದೆ.

ಹಾಗೆ ನೋಡಿದರೆ ಚಿತ್ರದಲ್ಲಿ ಉಳಿಯುವುದು ಕದಲದೆ ನಿಂತ ನಡುಗಡ್ಡೆ, ಗುಡ್ಡ, ಗೋಡೆಗಳೇ. ಕಡಲತೀರಕ್ಕೆ ಬಂದು ಸೆಲ್ಫಿ ತೆಗೆದುಕೊಂಡ ಸಾವಿರಾರು ಜನರಲ್ಲಿ ಒಬ್ಬರೂ ಇರುವುದಿಲ್ಲ. ರಾತ್ರಿಯಿಡೀ ನಡೆದ ಯಕ್ಷಗಾನದ ಚಪ್ಪರವೂ ಇಲ್ಲ. ಫೆಬ್ರವರಿಯಲ್ಲಿ ಕಟ್ಟಲು ಶುರುಮಾಡಿದ ಪಕ್ಕದ ಮನೆ ಮಾತ್ರ ಅರೆಪಾರದರ್ಶಕವಾಗಿ ನಿಂತಿರುತ್ತದೆ.

ಬಿಚ್ಚಿದ ಪೇಪರನ್ನು ಡೆವಲಪರಿಗೆ ಹಾಕಿದರೆ ಪೂರ್ತಿ ಕಪ್ಪು. ಚಿತ್ರ ಆಗಲೇ ಅದರ ಮೇಲಿದೆ, ನೇರ ಸ್ಕ್ಯಾನ್ ಮಾಡಬೇಕು. ಸ್ಕ್ಯಾನರಿನ ಬೆಳಕೂ ಪೇಪರನ್ನು ಕಪ್ಪಾಗಿಸುತ್ತದೆ, ಹಾಗಾಗಿ ಪ್ರಿವ್ಯೂ ಒತ್ತುವ ಚಟ ಬಿಡಿ. ಅಷ್ಟೇ ಅಳತೆಯ ರದ್ದಿ ಕಾಗದವಿಟ್ಟು ಚೌಕಟ್ಟು ಹೊಂದಿಸಿ, 600 ಡಿಪಿಐ, ಕಲರ್‌ನಲ್ಲಿ ಒಂದೇ ಸಲ ಓಡಿಸಿ. ಆಮೇಲೆ ಕಂಪ್ಯೂಟರಿನಲ್ಲಿ ಇನ್ವರ್ಟ್ ಮಾಡಿ, ಅಂದರೆ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ, ಎಡಬಲ ತಿರುಗಿಸಿ. ಮೂಲ ಪ್ರತಿ ಕಪ್ಪು ಕವರಿನೊಳಗಿರಲಿ. ನೆಂಟರು ಎಷ್ಟೇ ಒತ್ತಾಯ ಮಾಡಿದರೂ ಪ್ರಿಂಟನ್ನೇ ತೋರಿಸಿ.