ಮಂಗಳವಾರದ ಹಕ್ಕಿ

ನನ್ ಕೆಲಸ ಹೋಗಿದ್ದು ನವೆಂಬರ್ ಮೂರನೇ ವಾರ. ಬೇರೆಯವ್ರಿಗೆ ಇದ್ರಲ್ಲಿ ಏನೂ ವಿಶೇಷ ಕಾಣಲ್ಲ, ಆದ್ರೆ ಹಕ್ಕಿ ನೋಡೋ ಚಟ ಇರೋವ್ರನ್ನ ಕೇಳಿ, ನವೆಂಬರ್ ಅಂದ್ರೆ ಸೀಸನ್ನು, ಹಿಮಾಲಯದ ಆ ಕಡೆಯಿಂದೆಲ್ಲ ವಲಸೆ ಹಕ್ಕಿಗಳು ನಮ್ಮ ಮೈಸೂರು ಸುತ್ತಮುತ್ತಲ ಕೆರೆಗಳಿಗೆ ಬಂದಿಳಿಯೋ ಟೈಮು. ಒಂಬತ್ತು ವರ್ಷ ಪ್ರತಿ ನವೆಂಬರ್‌ನಲ್ಲೂ ಸಾರ್ ಒಂದು ವಾರ ಲೀವ್ ಕೊಡಿ ಅಂತ ಮ್ಯಾನೇಜರ್ ಹಿಂದೆ ಸುತ್ತಿದೀನಿ, ಒಂದ್ಸಲನೂ ಎರಡು ದಿನದ ಮೇಲೆ ಕೊಟ್ಟವರಲ್ಲ. ಈ ಸಲ ಕೇಳದೇನೇ ಕೊಟ್ರು. ಪೂರ್ತಿ.

ಕ್ಯಾಲೆಂಡರ್‌ನಲ್ಲಿ 'ಕ್ವಿಕ್ ಕನೆಕ್ಟ್' ಅಂತ ಒಂದು ಮೀಟಿಂಗ್ ಬಂದಿತ್ತು, ನಾನು ಯಾವ್ದೋ ರಿಲೀಸ್ ವಿಷ್ಯ ಇರ್ಬೇಕು ಅಂತ ಕಾಫಿ ಲೋಟ ಹಿಡ್ಕೊಂಡೇ ಕೂತೆ. ಮ್ಯಾನೇಜರ್ ಕ್ಯಾಮೆರಾ ಆಫ್, ಎಚ್‌ಆರ್ ಮೇಡಮ್ ಕ್ಯಾಮೆರಾ ಆನ್, ಅಲ್ಲೇ ಅರ್ಥ ಆಗ್ಬೇಕಿತ್ತು. 11 ನಿಮಿಷ. ಅದ್ರಲ್ಲೂ ಕೊನೇ ಮೂರು ನಿಮಿಷ ಲ್ಯಾಪ್‌ಟಾಪ್ ಯಾವ ಡಬ್ಬದಲ್ಲಿ ಹಾಕಿ ವಾಪಸ್ ಕೊಡ್ಬೇಕು ಅನ್ನೋದಕ್ಕೆ ಹೋಯ್ತು. ನೋಡಿ, ಫೆಬ್ರವರಿಯಲ್ಲಿ ಪ್ರಪಂಚದಾದ್ಯಂತ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ಅಂತ ನಡೆಯುತ್ತಲ್ಲ, ಅದ್ರಲ್ಲಿ ಮನೆ ಮುಂದಿನ ಕಾಗೆ ಗುಬ್ಬಿ ಎಣಿಸೋಕೂ ಕನಿಷ್ಠ 15 ನಿಮಿಷ ನಿಲ್ಲಿ ಅಂತಾರೆ. ನನ್ನ ಒಂಬತ್ತು ವರ್ಷಕ್ಕೆ 11 ಸಾಕಾಯ್ತು.

ಎರಡು ದಿನ ಬಿಟ್ಟು ಕೊರಿಯರ್ ಹುಡುಗ ಬಂದ, ಲ್ಯಾಪ್‌ಟಾಪು, ಚಾರ್ಜರು, ಕುತ್ತಿಗೆಗೆ ಹಾಕ್ಕೊಳ್ಳೋ ಐಡಿ ಕಾರ್ಡು ಎಲ್ಲ ಎಣಿಸಿ ತಗೊಂಡ. ಬ್ಯಾಗ್ ಮಾತ್ರ ಲಿಸ್ಟಲ್ಲಿ ಇಲ್ಲ ಸಾರ್ ಅಂತ ಬಿಟ್ಟೋದ. ಈ ಬ್ಯಾಗಿನ ಕತೆನೇ ಮುಂದೆ ಬರೋದು.

ಮೊದಲನೇ ಸೋಮವಾರ ಬೆಳಗ್ಗೆ ಆರೂವರೆಗೆ ಎದ್ದು ಬೈನಾಕ್ಯುಲರ್ ಕುತ್ತಿಗೆಗೆ ಹಾಕ್ಕೊಂಡು ಹೊರಟೆ. ನಾವಿರೋದು ಸರಸ್ವತೀಪುರಂ, ಕುಕ್ಕರಹಳ್ಳಿ ಕೆರೆ ನಡ್ಕೊಂಡೋಗೋ ದೂರ. ಗೇಟ್ ತೆಗೀತಿದ್ದಂಗೆ ಅಮ್ಮ ರಂಗೋಲಿ ಹಾಕ್ತಾ ಇದ್ದವರು ತಲೆ ಎತ್ತಿ ನನ್ನ ಕುತ್ತಿಗೆನೇ ನೋಡಿದ್ರು. "ಎಲ್ಲಿಗೋ ಹೊರಟೆ?" ಕೆರೆಗಮ್ಮ ಅಂದೆ. "ಇವತ್ತು ಸೋಮವಾರ ಕಣೋ." ಗೊತ್ತಮ್ಮ ಅಂದೆ. ಅಮ್ಮ ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಒಳಗೋಗಿ ಆ ಖಾಲಿ ಲ್ಯಾಪ್‌ಟಾಪ್ ಬ್ಯಾಗ್ ತಂದು ಕೈಗಿಟ್ರು, "ಅದನ್ನ ಇದ್ರಲ್ಲಿ ಹಾಕ್ಕೋ, ಎದುರುಮನೆ ಪದ್ಮಮ್ಮ ಬಾಲ್ಕನೀಲಿ ನಿಂತಿದಾಳೆ."

ಅವತ್ತಿಂದ ಶುರುವಾಯ್ತು. ದಿನಾ ಬೆಳಗ್ಗೆ ನಾನು ಇಸ್ತ್ರಿ ಶರ್ಟ್ ಹಾಕ್ಕೊಂಡು (ಶರ್ಟ್ ಬಣ್ಣ ಮಾತ್ರ ಹಸಿರೋ ಕಂದೋ ಇರ್ಬೇಕು, ಬಿಳಿ ಹಾಕಿದ್ರೆ ಹಕ್ಕಿ ಹಾರೋಗುತ್ತೆ) ಲ್ಯಾಪ್‌ಟಾಪ್ ಬ್ಯಾಗ್ ನೇತಾಕ್ಕೊಂಡು ಆಫೀಸಿಗೆ ಹೋಗೋವನ ಥರ ಬೀದಿ ದಾಟಿ, ತಿರುವಿನಲ್ಲಿ ಹಾಲಿನ ಬೂತ್ ಹಿಂದೆ ನಿಂತು ಬ್ಯಾಗ್ ಜಿಪ್ ತೆಗೆದು ಬೈನಾಕ್ಯುಲರ್ ಆಚೆ ತೆಗೀತಿದ್ದೆ. ಬ್ಯಾಗಲ್ಲಿ ಅದರ ಜೊತೆ ಒಂದು ಟೋಪಿ, ಎರಡು ಏಲಕ್ಕಿ ಬಾಳೆಹಣ್ಣು, ಅವಲಕ್ಕಿ ಡಬ್ಬಿ. ಕೆಲಸ ಇದ್ದಾಗ ಅದೇ ಬ್ಯಾಗಲ್ಲಿ ಮೂರು ಕೆಜಿ ಲ್ಯಾಪ್‌ಟಾಪ್ ಹೊತ್ತು ಹೊತ್ತು ಬಂದಿದ್ದ ಭುಜದ ನೋವು ಹದಿನೈದೇ ದಿನಕ್ಕೆ ಹೋಯ್ತು, ಆದ್ರೆ ಇದನ್ನ ಮನೇಲಿ ಬಾಯಿಬಿಡೋ ಹಾಗಿರ್ಲಿಲ್ಲ.

ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು, ಈಗ ಮೈಸೂರಿನ ಅರ್ಧ ರಿಟೈರ್ಡ್ ಜನ ಬೆಳಗ್ಗೆ ಅದರ ಏರಿ ಮೇಲೇ ಇರ್ತಾರೆ. ನಡುಗಡ್ಡೆ ಮರದ ಮೇಲೆ ಹೆಜ್ಜಾರ್ಲೆಗಳು, ನೀರುಕಾಗೆಗಳು, ಏರಿ ಮೇಲೆ ಪೆನ್ಷನ್‌ದಾರರು, ಎರಡೂ ಗುಂಪು ಬಿಸಿಲಿಗೆ ಮೈ ಒಡ್ಡಿ ಸುಮ್ನೆ ನಿಂತಿರೋದೇ. ಅದ್ರಲ್ಲಿ ಒಬ್ರು, ಮಂಕಿ ಕ್ಯಾಪ್ ಯಜಮಾನ್ರು, ಭಾನುವಾರಗಳಲ್ಲಿ ನನ್ನನ್ನ ನೋಡಿ ಗೊತ್ತು. ಆಗೆಲ್ಲ "ಭೇಷ್, ಈ ಕಾಲದ ಹುಡುಗ್ರಿಗೆ ಇಂಥ ಒಳ್ಳೇ ಹವ್ಯಾಸ ಇರ್ಬೇಕಪ್ಪಾ" ಅಂತಿದ್ರು. ಮೊದಲನೇ ಮಂಗಳವಾರ ಸಿಕ್ಕಿದಾಗ "ಏನಪ್ಪಾ, ರಜಾನಾ?" ಅಂದ್ರು. ಹೂಂ ಸಾರ್ ಅಂದೆ. ಬುಧವಾರನೂ "ರಜಾನಾ?" ಗುರುವಾರನೂ "ರಜಾನಾ?" ಮುಂದಿನ ವಾರ ಕೇಳೋದು ನಿಲ್ಲಿಸಿದ್ರು, ಸುಮ್ನೆ ಕತ್ತು ಓರೆ ಮಾಡಿ ಒಂಥರಾ ಸಾವಿನ ಮನೆಗೆ ಬಂದವರ ಹಾಗೆ ತಲೆ ಆಡಿಸಿ ಮುಂದೆ ಹೋಗೋರು. ಅದೇ ಮರ, ಅದೇ ಮಿಂಚುಳ್ಳಿ, ಅದೇ ನಾನು. ಭಾನುವಾರ ನೋಡಿದ್ರೆ ಹವ್ಯಾಸ, ಮಂಗಳವಾರ ನೋಡಿದ್ರೆ ಪಾಪ ಹುಡುಗ ಹಾಳಾಗ್ತಿದಾನೆ. ಹಕ್ಕಿಗೇನು ಗೊತ್ತು ವಾರ.

ಹಾಗಂತ ಕೆಲಸ ಹುಡುಕದೇ ಕೂತಿದ್ದೆ ಅಂದ್ಕೋಬೇಡಿ. ಹತ್ತು ಗಂಟೆಗೆ ವಾಪಸ್ ಬಂದು ಸ್ನಾನ ಮಾಡಿ ಹೆಂಡತಿಯ ಹಳೇ ಲ್ಯಾಪ್‌ಟಾಪ್ ಮುಂದೆ ಕೂತ್ರೆ ಸಂಜೆ ತನಕ ಅಪ್ಲೈ ಅಪ್ಲೈ. ಲಿಂಕ್ಡ್‌ಇನ್‌ನಲ್ಲಿ ಫೋಟೋ ಸುತ್ತ ಕೆಲಸ ಹುಡುಕ್ತಿದೀನಿ ಅಂತ ತೋರಿಸೋ ಆ ಹಸಿರು ಬಳೆ ಹಾಕ್ಕೊಂಡೆ, ನೌಕ್ರಿಯಲ್ಲಿ 'ಇಮ್ಮೀಡಿಯೆಟ್ ಜಾಯಿನರ್' ಅಂತ ಹಾಕಿದೆ. ಎಲ್ಲಾ ಜಾಬ್ ಡಿಸ್ಕ್ರಿಪ್ಷನ್ನೂ ಒಂದೇ ಥರ ಕಾಣುತ್ತೆ ಕಣ್ರೀ, ಈ ವಾರ್ಬ್ಲರ್ ಅಂತ ಚಳಿಗಾಲದಲ್ಲಿ ಬರ್ತವಲ್ಲ ಪುಟಾಣಿ ಮಾಸಲು ಹಕ್ಕಿಗಳು, ಅವೂ ಹಾಗೇ, ಕಾಲು ಯಾವ ಬಣ್ಣ, ರೆಕ್ಕೆಗೆ ಒಂದು ಗೀಟೋ ಎರಡೋ ಅಂತ ನೋಡೋಷ್ಟ್ರಲ್ಲಿ ಎಲೆ ಹಿಂದೆ ಮಾಯ.

ಶಿಸ್ತಿಗೆ ಅಂತ ಒಂದು ಎಕ್ಸೆಲ್ ಫೈಲ್ ಇಟ್ಟಿದ್ದೆ. ಮೊದಲನೇ ಶೀಟ್ ಹಕ್ಕಿಗಳದ್ದು, ಅದು ಏಳು ವರ್ಷದಿಂದ ಇರೋದು, ಎರಡನೇ ಶೀಟಲ್ಲಿ ಕಂಪನಿಗಳ ಲಿಸ್ಟ್ ಸೇರಿಸಿದೆ. ಹಕ್ಕಿ ಶೀಟಲ್ಲಿ ಸ್ಟೇಟಸ್ ಅಂತ ಒಂದು ಕಾಲಂ ಇದೆ, 'ಕಂಡಿತು', 'ಕೂಗು ಮಾತ್ರ ಕೇಳಿಸ್ತು', 'ಹಾರಿಹೋಯ್ತು', ಅದನ್ನೇ ಕಂಪನಿ ಶೀಟಿಗೂ ಎಳೆದುಬಿಟ್ಟೆ. ಎಷ್ಟು ಚೆನ್ನಾಗಿ ಹೊಂದ್ಕೊಂತು ಅಂದ್ರೆ, ಡಿಸೆಂಬರ್ ಹೊತ್ತಿಗೆ 38 ಕಂಪನಿಗಳಲ್ಲಿ 30 'ಕೂಗು ಮಾತ್ರ ಕೇಳಿಸ್ತು'. ಕಷ್ಟ ಬಂದಿದ್ದು ಎಲ್ಲಿ ಅಂದ್ರೆ, ಒಂದು ಕನ್ಸಲ್ಟೆನ್ಸಿ ಹುಡುಗಿ ಕರೆಂಟ್ ಸಿಟಿಸಿ (ಅಂದ್ರೆ ಈಗಿನ ಸಂಬಳ), ಎಕ್ಸ್‌ಪೆಕ್ಟೆಡ್ ಸಿಟಿಸಿ, ನೋಟಿಸ್ ಪೀರಿಯಡ್ ಎಲ್ಲ ಎಕ್ಸೆಲ್‌ನಲ್ಲಿ ಕಳಿಸಿ ಅಂದ್ಲು, ನಾನು ಅದೇ ಫೈಲಲ್ಲಿ ಮೂರನೇ ಶೀಟ್ ಮಾಡಿ ಇಡೀ ಫೈಲ್ ಕಳಿಸಿಬಿಟ್ಟೆ. ಅರ್ಧ ಗಂಟೆಗೆ ಫೋನು. "ಸರ್, ಇಲ್ಲಿ ಪಟ್ಟೆತಲೆ ಹೆಬ್ಬಾತು, ಇನ್ನೂ ಕಂಡಿಲ್ಲ, ತುಂಬಾ ಆಸೆ ಅಂತ ಇದೆ. ಎಕ್ಸ್‌ಪೆಕ್ಟೆಡ್ ಅಂತ ಹಾಕೊಳ್ಳಲಾ ಸರ್?"

ಫೋನ್ ಇಂಟರ್‌ವ್ಯೂಗಳದ್ದು ಇನ್ನೊಂದು ಗೋಳು. ಅವ್ರು ಮಧ್ಯಾಹ್ನ ಮಾಡ್ತೀವಿ ಅಂತಾರೆ, ಬೆಳಗ್ಗೆ ಎಂಟೂಮುಕ್ಕಾಲಿಗೆ ಮಾಡ್ತಾರೆ. ನಾನು ಲಿಂಗಾಂಬುಧಿ ಕೆರೆ ದಡದಲ್ಲಿ ಪೊದೆ ಪಕ್ಕ ಕುಕ್ಕರುಗಾಲಲ್ಲಿ ಕೂತಿದೀನಿ, ಬಾತುಗಳು ಹತ್ರ ಬರ್ತಾ ಇದಾವೆ, ಫೋನ್ ಗುರ್ರ್ ಅಂತು. ಎತ್ತಿದ್ರೆ ಯಾರೋ ಗಂಭೀರ ದನಿಯವ್ರು, ನಿಮ್ಮ ಪ್ರೊಫೈಲ್ ನೋಡಿದ್ವಿ, ಮೈಗ್ರೇಷನ್ ಅಂತ ಬರೆದಿದೀರ, ಯಾವ ಪೀರಿಯಡ್ ಅದು ಅಂದ್ರು. ಕಣ್ಣು ಬೈನಾಕ್ಯುಲರ್‌ನಲ್ಲಿ, ಬಾಯಿ ಫೋನಲ್ಲಿ, "ಅಕ್ಟೋಬರ್‌ನಿಂದ ಮಾರ್ಚ್ ಸಾರ್, ಪ್ರತಿ ವರ್ಷ" ಅಂದ್ಬಿಟ್ಟೆ. ಅವ್ರು ಡೇಟಾ ಮೈಗ್ರೇಷನ್ ಕೇಳ್ತಿದ್ರು. ಪ್ರತಿ ವರ್ಷನಾ, ಯಾಕೆ ಅಂತ ಅವ್ರು ಕೇಳೋಷ್ಟ್ರಲ್ಲಿ ಎಲ್ಲಿತ್ತೋ ಒಂದು ಟಿಟ್ಟಿಭ, ತಲೆ ಮೇಲೆ ಸುತ್ತು ಹೊಡ್ಕೊಂಡು ಕಿರುಚೋಕೆ ಶುರು ಮಾಡ್ತು. ಇಂಗ್ಲಿಷ್ ಪುಸ್ತಕಗಳಲ್ಲಿ ಅದರ ಕೂಗನ್ನ 'ಡಿಡ್ ಯು ಡು ಇಟ್' ಅಂತ ಬರೀತಾರೆ, ನಾನು ಅಲ್ಲೀತನಕ ಅದೆಲ್ಲ ಉತ್ಪ್ರೇಕ್ಷೆ ಅಂದ್ಕೊಂಡಿದ್ದೆ. ಅವತ್ತು ಸ್ಪಷ್ಟವಾಗಿ ಕೇಳಿಸ್ತು. ಡಿಡ್ ಯು ಡು ಇಟ್? ಡಿಡ್ ಯು ಡು ಇಟ್? ಆ ಕಡೆಯವ್ರು ಒಂದು ನಿಮಿಷ ಸುಮ್ನಿದ್ದು, "ಲೈನಲ್ಲಿ ಬೇರೆ ಯಾರಾದ್ರೂ ಇದಾರಾ?" ಅಂದ್ರು. ಪಕ್ಕದ ಮನೆ ಮಗು ಸಾರ್ ಅಂದೆ. ಆ ಕಂಪನಿನೂ 'ಹಾರಿಹೋಯ್ತು'.

ಮನೇಲಿ ಹೆಂಡತಿ ಏನೂ ಅನ್ಲಿಲ್ಲ, ಅದು ಇನ್ನೂ ಕಷ್ಟ. ಕಾಲೇಜಲ್ಲಿ ಪಾಠ ಮಾಡೋಳು, ಮಾತಾಡದೇ ಮಾರ್ಕ್ಸ್ ಕಳಿಯೋದು ಗೊತ್ತು. ಒಂದು ರಾತ್ರಿ ಮಾತ್ರ, "ರೀ, ಬೈನಾಕ್ಯುಲರ್ ಎಷ್ಟಕ್ಕೆ ತಗೊಂಡಿದ್ರಿ?" ಅಂತ ತುಂಬಾ ಮೆತ್ತಗೆ ಕೇಳಿದ್ಲು. ಆರು ಸಾವಿರ ಅಂದೆ. ಹನ್ನೊಂದು. ಮಗಳು ನಾಲ್ಕನೇ ಕ್ಲಾಸು, ಅವಳ ಮಿಸ್ ನಿಮ್ಮಪ್ಪ ಏನ್ಮಾಡ್ತಾರೆ ಅಂದ್ರೆ "ಹಕ್ಕಿ ಎಣಿಸ್ತಾರೆ" ಅಂದಿದಾಳೆ, ಮಿಸ್ಸು ಫಾರೆಸ್ಟ್ ಡಿಪಾರ್ಟ್‌ಮೆಂಟು ಅಂದ್ಕೊಂಡು ಪೇರೆಂಟ್ಸ್ ಮೀಟಿಂಗಲ್ಲಿ ನನಗೆ ಎದ್ದು ನಮಸ್ಕಾರ ಮಾಡಿದ್ರು. ನಾನೂ ತಿದ್ದೋಕೆ ಹೋಗ್ಲಿಲ್ಲ.

ಈಗ ಹೆಬ್ಬಾತಿನ ವಿಷ್ಯ. ಮಂಗೋಲಿಯಾ ಕಡೆಯಿಂದ ಹಿಮಾಲಯ ಹಾರಿ ದಾಟಿ ಬರೋ ಹಕ್ಕಿ ಅದು, ನಮ್ಮಲ್ಲಿ ಗದಗ ಜಿಲ್ಲೆ ಮಾಗಡಿ ಕೆರೆಗೆ, ಈ ಕಡೆ ನಂಜನಗೂಡು ತಾಲ್ಲೂಕಲ್ಲಿ ಹದಿನಾರು ಅನ್ನೋ ಊರಿನ ಕೆರೆಗೆ ಬರುತ್ತೆ. ಅಲ್ಲಿ ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ನಂಬರ್ ಪಟ್ಟಿ ಹಾಕಿ ಬಿಟ್ಟಿದ್ದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿದಾವೆ. ಅಂದ್ರೆ ಬಾತಿನ ಕೊರಳಲ್ಲೂ ಐಡಿ ಇದೆ, ನಂದು ಮಾತ್ರ ಕೊರಿಯರ್ ಹುಡುಗ ತಗೊಂಡೋದ. ಏಳು ವರ್ಷದಿಂದ ನೋಡ್ಬೇಕು ನೋಡ್ಬೇಕು ಅಂತಿದ್ದೆ, ಆಫೀಸು ಬಿಡ್ತಿರ್ಲಿಲ್ಲ. ಜನವರಿಯಲ್ಲಿ ದೇವರೇ ದಾರಿ ತೋರಿಸಿದ ಹಾಗೆ ನಂಜನಗೂಡು ರೋಡಿನ ಒಂದು ಫ್ಯಾಕ್ಟರಿಯಿಂದ ಇಂಟರ್‌ವ್ಯೂಗೆ ಕರೆದ್ರು, ಬೆಳಗ್ಗೆ ಹತ್ತೂವರೆಗೆ. ಹೆಂಗೂ ಆ ಕಡೆ ಹೋಗ್ತೀನಿ, ಐದೂವರೆಗೇ ಬಿಟ್ರೆ ಹದಿನಾರು ಮುಗಿಸ್ಕೊಂಡೇ ಹೋಗ್ಬಹುದಲ್ಲ. ಅಮ್ಮನಿಗೆ ಟ್ರಾಫಿಕ್ ಇರುತ್ತೆ ಅಂದೆ. ಐದೂವರೆಗೆ, ಮೈಸೂರಲ್ಲಿ, ಟ್ರಾಫಿಕ್ಕು.

ಫಾರ್ಮಲ್ ಪ್ಯಾಂಟು, ಪಾಲಿಶ್ ಶೂ ಹಾಕ್ಕೊಂಡೇ ಸ್ಕೂಟರ್ ಹತ್ತಿದೆ. ಕೆರೆ ಏರಿ ಮೇಲೆ ನಿಂತಾಗ ಇನ್ನೂ ಮಂಜು, ನೀರೇ ಕಾಣ್ತಿರ್ಲಿಲ್ಲ. ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ದೂರದಿಂದ ಆಂಗ್ ಆಂಗ್ ಅಂತ, ಹಳೇ ಸೈಕಲ್ ಹಾರ್ನ್ ಹತ್ತಿಪ್ಪತ್ತು ಒಟ್ಟಿಗೆ ಒತ್ತಿದ ಹಾಗೆ. ರಾತ್ರಿಯೆಲ್ಲ ಹೊಲ ಗದ್ದೆ ಮೇಯ್ದು ಕೆರೆಗೆ ವಾಪಸ್ ಬರೋ ಹೊತ್ತು ಅದು. ಗುಂಪು ಗುಂಪಾಗಿ ಬಂದು ಕಾಲು ಮುಂದೆ ಚಾಚಿ, ರೆಕ್ಕೆ ಬಾಗಿಸಿ, ನೀರು ಸೀಳ್ಕೊಂಡು ಇಳೀತಿದ್ವು. ಬಿಳೀ ತಲೆ ಹಿಂದೆ ಎರಡು ಕಪ್ಪು ಪಟ್ಟೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಸುಟ್ಟ ಗುರುತಿನ ಹಾಗೆ. ಗಂಟಲು ಕಟ್ಕೊಂತು ನನಗೆ, ಸುಳ್ಳು ಹೇಳಲ್ಲ. ಇನ್ನೂ ಹತ್ರ ಹೋಗಣ ಅಂತ ಏರಿ ಇಳಿದು ಹುಲ್ಲಲ್ಲಿ ಬಗ್ಗಿ ಬಗ್ಗಿ ನಡೆದೆ, ನೂರಾ ನಲವತ್ತರ ತನಕ ಎಣಿಸಿದ್ದೆ, ಎಲ್ಲಿಂದಲೋ ಒಂದು ನಾಯಿ ಬಂತು, ಅಷ್ಟೂ ಎದ್ವು. ನಾನೂ ಎದ್ದೆ, ಒಂದು ಕಾಲು ಕೆಸರಲ್ಲಿತ್ತು. ಟೈಮ್ ನೋಡಿದ್ರೆ ಒಂಬತ್ತೂಮುಕ್ಕಾಲು.

ಫ್ಯಾಕ್ಟರಿ ತಲುಪಿ ಇಂಟರ್‌ವ್ಯೂ ರೂಮಲ್ಲಿ ಕೂತ ಮೇಲೇ ನೋಡ್ಕೊಂಡಿದ್ದು, ಎರಡೂ ಮೊಣಕಾಲ ಕೆಳಗೆ ಪ್ಯಾಂಟೇ ಕಾಣ್ತಿಲ್ಲ, ಪೂರ್ತಿ ಉತ್ತರಾಣಿ ಬೀಜ. ಎಚ್‌ಆರ್ ಹುಡುಗಿ ಟೆಲ್ ಅಬೌಟ್ ಯುವರ್‌ಸೆಲ್ಫ್ ಅಂತಿದಾಳೆ, ನಾನು ಮೇಜಿನ ಕೆಳಗೆ ಒಂದೊಂದೇ ಕೀಳ್ತಾ ಹೇಳ್ತಾ ಇದೀನಿ, ಕಿತ್ತಿದ್ದು ಬೆರಳಿಗೆ ಅಂಟುತ್ತೆ, ಬೆರಳಿಂದ ಬಿಡಿಸಿದ್ರೆ ಶರ್ಟ್ ತೋಳಿಗೆ ಅಂಟುತ್ತೆ, ಕೊನೆಗೆ ನನಗೇ ಗೊತ್ತಿಲ್ದೆ ಅವನ್ನ ಅವ್ರ ಮೇಜಿನ ಮೇಲೆ ಸಾಲಾಗಿ ಜೋಡಿಸ್ತಾ ಹೋಗಿದೀನಿ. ಮಧ್ಯದಲ್ಲಿ ಕೂತಿದ್ದ ದೊಡ್ಡ ಸಾಹೇಬ್ರು ಅಲ್ಲೀತನಕ ಮೊಬೈಲ್ ನೋಡ್ತಿದ್ದವರು ಆ ಸಾಲನ್ನ ನೋಡಿದ್ರು, ಕನ್ನಡಕ ಸರಿ ಮಾಡ್ಕೊಂಡ್ರು. "ಕೆರೆ ಏರಿ ಇಳಿದಿದ್ರಾ?"

ಹೌದು ಸಾರ್.

"ಹದಿನಾರಲ್ಲಾ? ಬಾತುಗಳು ಬಂದಿದಾವಾ? ನಮ್ದು ಅಲ್ಲೇ ಪಕ್ಕದ ಊರು ಕಣ್ರೀ, ಆ ನನ್ಮಕ್ಳು ನಮ್ ಗದ್ದೆಗೇ ಇಳಿಯೋದು!"

ಆಮೇಲೆ ಇಪ್ಪತ್ತೈದು ನಿಮಿಷ ಬಾತಿನ ವಿಷ್ಯನೇ. ಅವ್ರಪ್ಪ ತಗಡಿನ ಡಬ್ಬ ಬಡಿದು ಓಡಿಸ್ತಿದ್ದಿದ್ದು, ಇವ್ರು ಚಿಕ್ಕವರಾಗಿದ್ದಾಗ ಅದು ಇಷ್ಟು ದೂರದಿಂದ ಬರುತ್ತೆ ಅಂತ ಯಾರಿಗೂ ಗೊತ್ತಿಲ್ದೇ ಇದ್ದಿದ್ದು. ಎಚ್‌ಆರ್ ಹುಡುಗಿ ಮೂರು ಸಲ ಗಡಿಯಾರ ನೋಡಿದ್ಲು. ನಾನು ಆಚೆ ಬರ್ತಾ, ಆಯ್ತು, ಇದು ಆಗೇ ಆಗುತ್ತೆ, ಅಂತ ನಂಜುಂಡೇಶ್ವರನಿಗೆ ಅಲ್ಲಿಂದ್ಲೇ ಕೈ ಮುಗಿದೆ. ಎರಡು ದಿನಕ್ಕೆ ಮೇಲ್ ಬಂತು, ನಾಟ್ ಮೂವಿಂಗ್ ಫಾರ್ವರ್ಡ್. ಮೂರನೇ ವಾರ ಒಂದಿನ ಬೆಳಗ್ಗೆ ಗೊತ್ತಿಲ್ದಿರೋ ನಂಬರಿಂದ ಫೋನು, ಎದೆ ಢವಢವ, ಎತ್ತಿದ್ರೆ ಅದೇ ಸಾಹೇಬ್ರು. "ಇವತ್ತು ನಮ್ ಗದ್ದೇಲಿ ಇನ್ನೂರಕ್ಕೆ ಕಮ್ಮಿ ಇಲ್ಲ ಕಣ್ರೀ, ಖಾಲಿ ಇದ್ರೆ ಬನ್ನಿ." ಸಾರ್ ಆ ಪೋಸ್ಟ್ ಅಂದೆ. "ಅದು ಎಚ್‌ಆರ್‌ನವ್ರಿಗೆ ಬಿಟ್ಟಿದ್ದು" ಅಂದ್ರು. ಖಾಲಿ ಇದ್ದೆ. ಹೋದೆ.

ಕೆಲಸ ಸಿಕ್ಕಿದ್ದು ಫೆಬ್ರವರಿ ಕೊನೇಲಿ, ಹಕ್ಕಿಗೂ ಅದಕ್ಕೂ ಯಾವ ಸಂಬಂಧನೂ ಇಲ್ಲ, ಹಳೇ ಕಲೀಗ್ ಒಬ್ಬ ರೆಫರ್ ಮಾಡಿದ್ದು. ಆರು ತಿಂಗಳ ಕಾಂಟ್ರಾಕ್ಟು, ಮನೆಯಿಂದ್ಲೇ, ಲಂಡನ್ ಟೈಮು, ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತು. ಸಂಬಳ ಮೊದಲಿಗಿಂತ ಕಮ್ಮಿ, ಲ್ಯಾಪ್‌ಟಾಪ್ ಮೊದಲಿಗಿಂತ ಭಾರ. ಸೇರಿದ ಮಾರನೇ ದಿನ ಮಂಗಳವಾರ. ಅಭ್ಯಾಸ ಬಲ, ಆರೂವರೆಗೆ ಎದ್ದು ಶರ್ಟ್ ಹಾಕಿ ಬೈನಾಕ್ಯುಲರನ್ನ ಬ್ಯಾಗಿಗೆ ತುರುಕಿ ಗೇಟ್ ಹತ್ರ ಬಂದೆ. ಅಮ್ಮ ರಂಗೋಲಿ ಹಾಕ್ತಿದ್ರು. ಬಾಲ್ಕನೀಲಿ ಪದ್ಮಮ್ಮ.

"ಏನೋ ಅದು ಬ್ಯಾಗು?" ಅಂದ್ರು ಅಮ್ಮ, ಬೀದಿಗೆಲ್ಲ ಕೇಳೋ ಹಾಗೆ. "ಮಧ್ಯಾಹ್ನ ತಾನೇ ನಿಂಗೆ ಡ್ಯೂಟಿ ಶುರುವಾಗೋದು? ಆಚೆ ತೆಗಿ ಅದನ್ನ, ಕುತ್ತಿಗೆಗೆ ಹಾಕ್ಕೊಂಡು ಹೋಗು."